ದೇವಿ ಹಾಕುವವನ ಸೈಕಲ್ಲು

ಕೊಪ್ಪಳದ ಕೋಟೆ ಓಣಿಯಲ್ಲಿ ಬಸವಣ್ಣೆಮ್ಮನ ಬಾಯಿಂದ ಒಳ್ಳೆಯವನು ಅನ್ನಿಸಿಕೊಂಡ ಮನುಷ್ಯನೇ ಇರಲಿಲ್ಲ. ದಿನ ಬೆಳಗಾದರೆ ಮಠಕ್ಕೆ ಓಡುವ ಹೆಂಗಸರನ್ನು ಕಂಡರೆ, 'ಮನಿಯಾಗಿನ ಮುದುಕಿಗೆ ಒಂದು ತಂಬಿಗಿ ನೀರು ಕೊಡ್ಲಾರದವರು' ಅನ್ನುತ್ತಿದ್ದಳು. ಚೀಲದ ತಳಕ್ಕೆ ಹುಳುಕು ಜೋಳ ಹಾಕಿ ಬಾಯಿಗೆ ಮಾತ್ರ ಛಲೋ ಜೋಳ ಹರಡುವ ಅಡತಿ ಅಂಗಡಿಯ ಹಂಪಣ್ಣನಿಗೆ 'ಮ್ಯಾಲಪ್ಪ' ಎಂದು ಹೆಸರಿಟ್ಟಿದ್ದಳು. ಓಣಿಯಲ್ಲಿ ಆ ಹೆಸರೇ ನಿಂತುಬಿಟ್ಟಿತ್ತು, ಹಂಪಣ್ಣನಿಗೊಬ್ಬನಿಗೆ ಗೊತ್ತಿರಲಿಲ್ಲ. ಕಟ್ಟಿಕೊಂಡ ಗಂಡ ಅಮರಪ್ಪನನ್ನೂ ಅವಳು ಬಿಟ್ಟವಳಲ್ಲ. 'ನಮ್ಮನಿಯವರ ಸಿಟ್ಟು ನೋಡಬೇಕಂದ್ರ ಪಂಚಾಂಗ ತೆಗಿಬೇಕು, ಗ್ರಹಣಕ್ಕೊಮ್ಮಿ ಬರತೈತಿ' ಎಂದು ಬಾವಿಯ ಕಟ್ಟೆಯ ಮೇಲೆ ಹೇಳಿ ನಗಿಸುತ್ತಿದ್ದಳು.

ಅಮರಪ್ಪನದು ದೇವಿ ಹಾಕುವ, ಅಂದರೆ ಸಿಡುಬಿನ ಲಸಿಕೆ ಹಾಕುವ ನೌಕರಿ. ನಿಜಾಮ ಸರ್ಕಾರದ ಸಂಬಳ, ಹೆಗಲಿಗೆ ಚರ್ಮದ ಚೀಲ, ಅದರೊಳಗೆ ಮದ್ದಿನ ಸೀಸೆ, ಸೂಜಿ, ಸ್ಪಿರಿಟ್ಟಿನ ಬುಡ್ಡಿ. ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳ ತೋಳಿನ ಮೇಲೆ ಗೀರು ಹಾಕಿ ಬರುವುದು ಅವನ ಕೆಲಸ. ಮೊದಲು ಕಾಲ್ನಡಿಗೆಯಲ್ಲೇ ತಿರುಗುತ್ತಿದ್ದ. ಆಮೇಲೆ ವರ್ಗವಾಗಿ ಹೊರಟಿದ್ದ ರೈಲ್ವೆ ಮೇಸ್ತ್ರಿಯೊಬ್ಬನಿಂದ ಒಂದು ವಿಲಾಯತಿ ಸೈಕಲ್ಲು ಕೊಂಡ. ಆಗಲೇ ಅದು ಹಳೆಯದು. ಕಪ್ಪು ಬಣ್ಣ, ಅಂಚಿಗೆ ಬಂಗಾರದ ಎಳೆಯಂಥ ಗೆರೆ. 'ಮುದುಕಿಗೆ ಜರದ ಸೀರಿ ಉಡಿಸಿದಂಗ ಐತಿ' ಎಂದಳು ಬಸವಣ್ಣೆಮ್ಮ. ಅಮರಪ್ಪ ನಕ್ಕು, ಹಳೆಯ ಧೋತರದ ಚೂರಿನಿಂದ ಅದನ್ನು ಒರೆಸುತ್ತ ಕೂತ.

ಹಳ್ಳಿಯವರಿಗೆ ಆ ಸೈಕಲ್ಲು ಕಂಡರೆ ಎದೆ ಝಲ್ಲೆನ್ನುತ್ತಿತ್ತು. ಸಿಡುಬು ಅಂದರೆ ದೇವಿ, ಬಂದ ತಾಯಿಯನ್ನು ಬೇವಿನ ಸೊಪ್ಪು ಕಟ್ಟಿ, ಮೊಸರನ್ನದ ಎಡೆ ಹಿಡಿದು ಕಳಿಸಬೇಕೇ ಹೊರತು ಸೂಜಿ ಚುಚ್ಚಿ ಅಡ್ಡಗಟ್ಟಬಾರದು ಎಂಬುದು ಅವರ ನಂಬಿಕೆ. ಅಮರಪ್ಪ ಊರ ಅಗಸೆ ದಾಟುವುದರೊಳಗೆ ಮಕ್ಕಳನ್ನು ನೆಲದಡಿ ಜೋಳ ತುಂಬುವ ಹಗೇವಿನೊಳಕ್ಕೆ ಇಳಿಸಿ ಮೇಲೆ ಕಲ್ಲು ಮುಚ್ಚುತ್ತಿದ್ದರು. ಬಾಗಿಲು ಬಡಿದರೆ, 'ಮನ್ಯಾಗ ಯಾರೂ ಇಲ್ರಿ' ಎಂದು ಮನೆಯೊಳಗಿಂದಲೇ ಹೇಳುತ್ತಿದ್ದರು. ಅಮರಪ್ಪ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ. ಬಿಸಿಲೇರಿದರೂ ಯಾರೂ ಒಂದು ಲೋಟ ನೀರು ಕೊಡುತ್ತಿರಲಿಲ್ಲ. ಕಾದೂ ಕಾದೂ, ಬೇಡಿಕೊಂಡೂ ಬೇಡಿಕೊಂಡೂ ಹತ್ತು ಮನೆಯಲ್ಲಿ ನಾಲ್ಕು ಮನೆಯ ಮಕ್ಕಳಿಗೆ ಗೀರು ಹಾಕಿ ಬರುತ್ತಿದ್ದ.

ಒಂದು ಬೇಸಿಗೆಯಲ್ಲಿ ಯಲಬುರ್ಗಾ ಕಡೆ ಸಿಡುಬು ಜೋರಾಗಿ ಎದ್ದಿತು. ಗೀರು ಹಾಕಿಸಿಕೊಂಡ ಮಕ್ಕಳು ಆಡುತ್ತ ಓಡಾಡಿದವು, ಹಗೇವಿನಲ್ಲಿ ಅಡಗಿದ್ದವು ಮಣ್ಣಾದವು. ಆಗ ಹೆಂಗಸರಿಗೆ ಏನೋ ಹೊಳೆಯಿತು. ಹೊಳೆದದ್ದಾದರೂ ಏನು? ದೇವಿ ಈ ಸೈಕಲ್ಲಿನ ಮೇಲೆ ಕೂತು ಊರೂರು ತಿರುಗುತ್ತಾಳೆ ಎಂದು. ಮುಂದಿನ ಸಲ ಅಮರಪ್ಪ ಹೋದಾಗ ಸೈಕಲ್ಲಿಗೆ ಎಣ್ಣೆ ಹಚ್ಚಿದರು, ಅರಿಷಿಣ ಬಳಿದರು, ಕುಂಕುಮ ಮೆತ್ತಿದರು, ಎದುರಿಗೆ ಕಾಯಿ ಒಡೆದರು. ಅಮರಪ್ಪನಿಗೆ ಆವತ್ತೂ ನೀರು ಕೊಟ್ಟವರಿಲ್ಲ.

ಮನೆಗೆ ಬಂದ ಸೈಕಲ್ಲು ನೋಡಿ ಬಸವಣ್ಣೆಮ್ಮನ ಮೈ ಉರಿಯಿತು. "ಕಬ್ಬಿಣಕ್ಕ ಕಾಯಿ ಒಡದಾರ. ತುಳಿಯೋ ಮನಿಷಾನ ಗಂಟಲಾ ಒಣಗಿದ್ದು ಒಬ್ಬಳ ಕಣ್ಣಿಗೂ ಬೀಳಲಿಲ್ಲೇನು? ಕೊಡ್ರಿ ಇಲ್ಲೆ, ಬೂದಿ ಹಾಕಿ ತಿಕ್ಕತೀನಿ."

"ಇರ್ಲಿ ಬಿಡು," ಅಂದ ಅಮರಪ್ಪ. "ಅಂಜಿದವರು ಕೊಟ್ಟಿದ್ದು ಐತಿ. ಒರಸಬಾರದು."

ಅಂದಿನಿಂದ ಅವನು ಸೈಕಲ್ಲು ಒರೆಸುವಾಗ ಕುಂಕುಮದ ಮೆತ್ತು ಬಿಟ್ಟು ಸುತ್ತಲೂ ಒರೆಸುತ್ತಿದ್ದ. ಮುಂದಿನ ಕೊಳವೆಯ ಸಂದಿನಲ್ಲಿ, ಸೀಟಿನ ಕೆಳಗೆ, ಹಿಡಿಕೆಯ ಬುಡದಲ್ಲಿ ವರ್ಷ ವರ್ಷಕ್ಕೂ ಕೆಂಪು ದಪ್ಪವಾಗುತ್ತ ಹೋಯಿತು. ನಲವತ್ತಮೂರನೆಯ ಇಸವಿಯಲ್ಲಿ ಕುಷ್ಟಗಿಯ ಮುಸಾಫಿರಖಾನೆಯಲ್ಲಿ ಅವನು ಕಾಲರಾದಿಂದ ತೀರಿಕೊಂಡ. ಹೆಣ ಬಂಡಿಯಲ್ಲಿ ಬಂತು, ಹಿಂದಿನಿಂದ ಸೈಕಲ್ಲನ್ನು ಯಾರೋ ತಳ್ಳಿಕೊಂಡು ಬಂದರು.

ಮಕ್ಕಳಿಲ್ಲದ ಬಸವಣ್ಣೆಮ್ಮ ಮೈದುನ ಅಂದಪ್ಪನ ಮನೆಯಲ್ಲೇ ಉಳಿದಳು. ಸೈಕಲ್ಲು ಕೊಟ್ಟಿಗೆಯ ಗೋಡೆಯ ಗೂಟಕ್ಕೆ ಏರಿತು. ಟೈರು ಕೊಳೆತು ಉದುರಿದವು.

ಅಂದಪ್ಪನ ವಿಷಯ ಹೇಳಬೇಕು. ಅಣ್ಣನ ನೌಕರಿ ಅವನಿಗೆ ನಾಚಿಕೆಗೇಡು. 'ಸೂಜಿ ಅಮರಪ್ಪನ ತಮ್ಮ' ಅಂದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಎಣ್ಣೆಕಾಳಿನ ವ್ಯಾಪಾರ, ನಾಲಿಗೆಗೆ ಮಾತ್ರ ಎಲ್ಲ ಕಾಳಿನ ಎಣ್ಣೆಯೂ ಸವರಿತ್ತು. ತಹಶೀಲ್ದಾರ ಸಾಹೇಬರು ಬಂದರೆ ತಲೆಗೆ ಕೆಂಪು ರೂಮಿ ಟೋಪಿ, ಬಗ್ಗಿ ನೆಲ ಮುಟ್ಟುವ ಸಲಾಮು, ಮನೆಗೆ ಬುಟ್ಟಿ ಮಾವಿನಹಣ್ಣು. ನಲವತ್ತೇಳರ ಕೊನೆಗೆ ರಜಾಕಾರರ ಗಲಾಟೆ ಹೆಚ್ಚಾಗುತ್ತಲೇ ಗಂಟು ಕಟ್ಟಿಕೊಂಡು ಗದಗಿಗೆ ಹೋದವನು ಬೀಗರ ಮನೆಯ ಮಾಳಿಗೆಯಿಂದ ಇಳಿಯಲಿಲ್ಲ. ಹೆಂಡತಿ ಶೇಖರಮ್ಮನನ್ನೂ ಅತ್ತಿಗೆಯನ್ನೂ ಮನೆ ಕಾಯಲು ಬಿಟ್ಟು ಹೋಗಿದ್ದ. ಪೊಲೀಸ್ ಆ್ಯಕ್ಷನ್ ಆಗಿ ಊರು ತಣ್ಣಗಾದ ಮೇಲೆ ಬಂದ. ಮೈ ತುಂಬಿಕೊಂಡಿತ್ತು, ತಲೆಯ ಮೇಲೆ ಬಿಳಿ ಗಾಂಧಿ ಟೋಪಿ ಇತ್ತು.

"ಟೊಪ್ಪಿಗಿ ಬದ್ಲ್ಯಾತು, ತಲಿ ಅದ ಐತಿ," ಎಂದಳು ಬಸವಣ್ಣೆಮ್ಮ. ಶೇಖರಮ್ಮ ಕೇಳಿಸದವಳಂತೆ ರೊಟ್ಟಿ ಬಡಿದಳು. ಅವಳು ಹಾಗೆಯೇ. ಗಂಗಾವತಿ ಕಡೆಯ ಮರಳಿ ಎಂಬ ಊರಿನ ಗದ್ದೆ ಸೀಮೆಯಿಂದ ಬಂದ ಹೆಣ್ಣು, ಹತ್ತು ಮಾತು ಆಡುವ ಕಡೆ ಒಂದೂ ಆಡುತ್ತಿರಲಿಲ್ಲ. ಮೂಕಬಸವಿ ಎಂದು ಬಸವಣ್ಣೆಮ್ಮ ಅವಳನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮರುವರ್ಷ, ಪೊಲೀಸ್ ಆ್ಯಕ್ಷನ್ನಿಗೆ ವರ್ಷ ತುಂಬುವ ಹೊತ್ತಿಗೆ, ಊರಿನಲ್ಲಿ ಒಂದು ಮೆರವಣಿಗೆ ಮಾಡುವುದೆಂದಾಯಿತು. ಸಮಿತಿ ಹುಟ್ಟಿತು. ಅದಕ್ಕೆ ಹಂಪಣ್ಣ ಅಧ್ಯಕ್ಷ. ನಿಜವಾಗಿ ಜೈಲು ಕಂಡವರು ಒಬ್ಬಿಬ್ಬರಿದ್ದರು, ಅವರನ್ನು ಕರೆದರೆ ಉಳಿದವರ ಬಣ್ಣ ಬಯಲಾದೀತೆಂದು ಕರೆಯಲಿಲ್ಲ. ಮೆರವಣಿಗೆಯ ಬಂಡಿಯ ಮೇಲೆ ಇಡಲು ಹೋರಾಟದ ಗುರುತು ಏನಾದರೂ ಬೇಕಿತ್ತು. ಸಭೆಯಲ್ಲಿ ಅಂದಪ್ಪ ಎದ್ದು ನಿಂತು, ತಾನು ಗಡಿಯಾಚೆಯ ಶಿಬಿರಕ್ಕೆ ಗುಟ್ಟಿನ ಸುದ್ದಿ ಒಯ್ಯುತ್ತಿದ್ದ ಸೈಕಲ್ಲು ಮನೆಯಲ್ಲೇ ಇದೆ ಎಂದುಬಿಟ್ಟ. ಆ ಮಾತಿನ ಹಿಂದೆಯೇ ಸಮಿತಿ ಕೊಟ್ಟಿಗೆಗೆ ಬಂತು. ಜೊತೆಗೆ ಬೋರ್ಡು ಬರೆಯುವ ಓಬಳೆಪ್ಪನೂ ಬಣ್ಣದ ಡಬ್ಬಿಗಳೊಂದಿಗೆ ಬಂದ.

ಸೈಕಲ್ಲನ್ನು ಗೂಟದಿಂದ ಇಳಿಸಿ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಇಟ್ಟರು. ಸುತ್ತ ಕೂತವರ ಮುಖದಲ್ಲಿ ಹೆಣದ ಮುಂದೆ ಕೂತವರ ಗಾಂಭೀರ್ಯ. ಬಸವಣ್ಣೆಮ್ಮ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

"ಮೂರು ಬಣ್ಣ ಬಳಿಸೂಣು," ಅಂದ ಅಂದಪ್ಪ. "ಮುಂದ ಕೇಸರಿ, ನಡುವ ಬಿಳಿ, ಹಿಂದ ಹಸರು. ಥಳಾ ಥಳಾ ಅನ್ನಬೇಕು. ಬಂಡಿ ಮ್ಯಾಲ ನಾನೂ ಬಾಜೂಕ ನಿಂದರಾಂವ, ಇದು ಹಿಂಗ ತುಕ್ಕು ಹಿಡದು ನಿಂತಿದ್ರ ಮರ್ಯಾದಿ ಏನು ಉಳೀತು?"

ಹಂಪಣ್ಣ ತಲೆಯಾಡಿಸಿದ. "ಬ್ಯಾಡ ಅಂದಪ್ಪ. ಹಳೇದು ಹಳೇದರಂಗ ಇರ್ಲಿ. ಹೊಸಾ ಬಣ್ಣ ಕಂಡ್ರ ಮಂದಿ ಇದು ನಿನ್ನೆ ಪ್ಯಾಟ್ಯಾಗಿಂದ ತಂದದ್ದು ಅಂತಾರ. ತುಕ್ಕು ಇದ್ರ ನಂಬ್ತಾರ. ಈ ಕೆಂಪು ನೋಡು, ರಕ್ತ ಇದ್ದಂಗ ಐತಿ."

"ಅದು ಕುಂಕುಮರಿ," ಅಂದ ಓಬಳೆಪ್ಪ.

"ದೂರಿಂದ ರಕ್ತ ಕಂಡಂಗ ಕಾಣತೈತಿ," ಅಂದ ಹಂಪಣ್ಣ. "ಬಂಡಿ ಮ್ಯಾಲಿಂದು ಯಾರು ಮುಟ್ಟಿ ನೋಡ್ತಾರ?"

ಜೋಳದ ಚೀಲಕ್ಕೂ ಇದೇ ನ್ಯಾಯ ಎಂದುಕೊಂಡಳು ಬಸವಣ್ಣೆಮ್ಮ. ಉಳಿಸಬೇಕೋ ಬಳಿಯಬೇಕೋ ಎಂದು ವಾದ ಬೆಳೆಯಿತು. ಬಳಿಯಬೇಕೆಂಬವರು ದೇಶಾಭಿಮಾನ ಅಂದರು, ಉಳಿಸಬೇಕೆಂಬವರು ಇತಿಹಾಸ ಅಂದರು. ತನಗೆ ಕೂಲಿ ತಪ್ಪೀತೆಂಬ ಚಿಂತೆಯಿಂದ ಓಬಳೆಪ್ಪ, ಅರ್ಧ ಬಳಿದು ಅರ್ಧ ಬಿಟ್ಟರೆ ಹೇಗೆ ಎಂದ. ಅದನ್ನೂ ಹತ್ತು ನಿಮಿಷ ಚರ್ಚೆ ಮಾಡಿದರು. ಯಾರ ಸೈಕಲ್ಲು, ಅದನ್ನು ಯಾರು ಎಲ್ಲಿ ತುಳಿದರು ಎಂಬ ಮಾತು ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ.

ಸೋಲುವ ಲಕ್ಷಣ ಕಂಡ ಅಂದಪ್ಪ ಮಗ್ಗಲು ಬದಲಿಸಿದ. ಕೆಳಗಿನ ಕೊಳವೆಯಲ್ಲಿ ಒಂದು ತಗ್ಗು ಇತ್ತು. ಅದರ ಮೇಲೆ ಬೆರಳಿಟ್ಟು, "ಹಂಗಾದ್ರ ಉಳಿಸೂಣು. ಇದು ನೋಡ್ರಿ," ಅಂದ. "ತಳಕಲ್ ಹಾದ್ಯಾಗ ರಜಾಕಾರರು ಗುಂಡು ಹಾರಿಸಿದಾಗ ಬಿದ್ದದ್ದು. ಸೈಕಲ್ಲಿಂದ ಹಾರಿ ಬಿದ್ದೆ, ಮೊಣಕಾಲು ಕಿತ್ತು ಬಂತು. ಮನಿಗೆ ಬಂದಾಗ ನಮ್ಮಾಕಿ ಅಳಕೋತ ಅರಿಷಿಣ ಹಚ್ಚಿದಳು. ಬೇಕಾದ್ರ ಕೇಳ್ರಿ."

ಅಡಿಗೆ ಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಶೇಖರಮ್ಮ ನಿಂತಿದ್ದಳು. ಎಲ್ಲರೂ ಅವಳತ್ತ ತಿರುಗಿದರು. ಅವಳು ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು ಸೆರಗು ಸರಿಮಾಡಿಕೊಂಡಳು.

"ಅರಿಷಿಣ ಹಚ್ಚಿದ್ದು ಖರೆ," ಅಂದಳು. "ನಾ ಅಲ್ರಿ, ನಮ್ಮವ್ವ ಹಚ್ಚಿದ್ದು. ನನ್ನ ನೋಡಾಕ ಮರಳಿಗೆ ಬಂದಾಗ. ಗಂಗಾವತಿ ಮಟ ಸೈಕಲ್ಲು ಮೋಟಾರಿನ ಮ್ಯಾಲ ಹೇರಕೊಂಡು ಬಂದಿದ್ರು. ಅಲ್ಲಿಂದ ನೂಕ್ಕೋತ ಬಂದು, ಊರು ಕಂಡ ಮ್ಯಾಲ ಹತ್ತಿದ್ರು. ಕಾಲುವಿ ಇಳಕಲಿನ್ಯಾಗ ನಿಂದರಸಾಕ ಬರಲಿಲ್ಲ. ನಾವು ಅರಿವಿ ಒಗಿಯೋ ಕಲ್ಲಿಗೆ ಬಡದ್ರು. ನಾ ಅಲ್ಲೇ ಅರಿವಿ ಒಗಿಯಾಕತ್ತಿದ್ದೆ. ಮೊದಲ ಕಾಲು ಕಂಡ್ವು. ಮಾರಿ ಕೆಸರಿನ್ಯಾಗ ಇತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹಂಗಿಸುವ ಕೊಂಕೂ ಇರಲಿಲ್ಲ. ಕೇಳಿದ್ದಕ್ಕೆ ಸಾಕ್ಷಿ ಹೇಳಿದಂತೆ ಹೇಳಿ, ತಟ್ಟೆ ಎತ್ತಿಕೊಂಡು ಒಬ್ಬೊಬ್ಬರ ಮುಂದೆ ಚಹಾ ಇಟ್ಟು ಒಳಗೆ ಹೋದಳು. ಓಬಳೆಪ್ಪನಿಗೆ ನಗು ತಡೆಯಲಾಗದೆ ಚಹಾ ನೆತ್ತಿಗೇರಿತು. ಬಸವಣ್ಣೆಮ್ಮ ಕಂಬ ಬಿಟ್ಟು ನೆಟ್ಟಗೆ ನಿಂತಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವಳನ್ನು ತಾನು ನೋಡಿಯೇ ಇರಲಿಲ್ಲವಲ್ಲ ಎನ್ನಿಸಿತು.

ಹಂಪಣ್ಣ ಮಾತ್ರ ಅಷ್ಟಕ್ಕೆಲ್ಲ ಜಗ್ಗುವವನಲ್ಲ. ಚಹಾ ಸುರಿದು ಕುಡಿದು, ಮೀಸೆ ಒರೆಸಿಕೊಂಡು, "ಇರ್ಲಿ ಬಿಡ್ರಿ," ಅಂದ. "ಮನಿ ಮಾತು ಮನ್ಯಾಗ ಇರತೈತಿ. ಊರ ಮಂದಿಗೆ ಏನು ಗೊತ್ತೈತಿ? ತಗ್ಗಂತೂ ಐತೆಲ್ಲ."

"ಹಂಪಣ್ಣಾರ," ಅಂದಳು ಬಸವಣ್ಣೆಮ್ಮ. "ಆ ಸೈಕಲ್ಲು ನಮ್ಮನಿಯವರದು. ಅವರು ಸತ್ತದ್ದು ಹೇತು ಹೇತು, ಗುಂಡು ತಿಂದು ಅಲ್ಲ. ಅದನ್ನ ಬೇಕಾದ್ರ ಬಂಡಿ ಮ್ಯಾಲ ನಿಂತು ಹೇಳ್ರಿ, ಸೈಕಲ್ಲು ಕೊಡ್ತೀನಿ. ಆಗೂದಿಲ್ಲಂದ್ರ ಜಮಖಾನಿ ಸುತ್ತಿಕೊಂಡು ಎದ್ದೇಳ್ರಿ."

"ವೈನಿ, ಮಂದಿ ಮುಂದ ಹಿಂಗೇನು ಮಾತು?" ಎಂದು ಅಂದಪ್ಪ ಗೊಣಗಿದ.

"ಮಂದಿ ಎಲ್ಲದಾರಪ್ಪ? ನನಗಂತೂ ಟೊಪ್ಪಿಗಿ ಅಷ್ಟ ಕಾಣಾಕತ್ಯಾವ."

ಸಮಿತಿ ಎದ್ದು ಹೋಯಿತು. ನಾಚಿಕೆಯಿಂದ ಹೋಯಿತೆಂದು ತಿಳಿಯಬಾರದು, ಬೇರೆ ಗುರುತು ಹುಡುಕಲು ಹೋಯಿತು. ಯಾರದೋ ಹಿತ್ತಲಲ್ಲಿ ಒಡೆದ ಕಂದೀಲು ಸಿಕ್ಕಿತು. ಮೆರವಣಿಗೆಯ ದಿನ ಅದನ್ನು ಹೂವಿನಲ್ಲಿ ಮುಚ್ಚಿ ಬಂಡಿಯ ಮೇಲಿಟ್ಟರು. ಪಕ್ಕದಲ್ಲಿ ಅಂದಪ್ಪ ಕೈಮುಗಿದು ನಿಂತಿದ್ದ. ಆ ಕಂದೀಲಿನ ಬೆಳಕಿನಲ್ಲಿ ಅವನು ಗಡಿ ದಾಟಿದ್ದನಂತೆ. ಜನ ಹಾರ ಹಾಕಿದರು. ಜನಕ್ಕೇನು, ಹಾರ ಕೈಯಲ್ಲಿದ್ದರೆ ಕೊರಳೊಂದು ಬೇಕು.

ಆದರೆ ಜಮಖಾನೆ ಹೋದ ಜಾಗದಲ್ಲಿ ಸೈಕಲ್ಲು ಹಾಗೆಯೇ ಉಳಿದಿತ್ತು. ಬಸವಣ್ಣೆಮ್ಮ ಅದನ್ನು ಮತ್ತೆ ಗೂಟಕ್ಕೆ ಏರಿಸಲಿಲ್ಲ. ದಿನಾ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಸೀಟಿನ ಕೆಳಗಿನ ಕುಂಕುಮದ ಮೆತ್ತಿಗೆ ಉಗುರು ತಾಗಿಸಿದಾಗ ಅದು ಚಕ್ಕೆಯಾಗಿ ಎದ್ದು ಬಂತು. ಅಡಿಯಲ್ಲಿ ಕಪ್ಪು ಬಣ್ಣವೂ ಇರಲಿಲ್ಲ, ಬಂಗಾರದ ಗೆರೆಯೂ ಇರಲಿಲ್ಲ. ಕಬ್ಬಿಣ ತುಕ್ಕು ಹಿಡಿದು ಗೆದ್ದಲು ತಿಂದ ತೊಲೆಯಂತಾಗಿತ್ತು. ಎಣ್ಣೆ ಒಣಗಿ ಮೆತ್ತು ಸೀಳುಬಿಟ್ಟಿತ್ತು, ಆ ಸೀಳಿನೊಳಗೆ ಮಳೆಗಾಲದ ತಂಪು ಇಳಿದು ಅಲ್ಲೇ ಕೂತು ತಿಂದಿತ್ತು. ಕುಂಕುಮ ಇಲ್ಲದ ಕಡೆಯೆಲ್ಲ ಕಬ್ಬಿಣ ಗಟ್ಟಿಯಾಗಿಯೇ ಇತ್ತು.

"ನೋಡ್ರಿ ನಿಮ್ಮ ಅಂಜಿದವರು ಕೊಟ್ಟಿದ್ದು," ಎಂದು ಸತ್ತ ಗಂಡನಿಗೆ ಹೇಳಿದಳು. ಹೇಳಿ ಗೆದ್ದಂತಾಗಬೇಕಿತ್ತು, ಆಗಲಿಲ್ಲ. ಎದ್ದ ಚಕ್ಕೆಯನ್ನು ಬಿಸಾಡಲು ಹೋಗಿ ಕೈ ಬರಲಿಲ್ಲ. ಹಾಗೆ ಬಿಟ್ಟರೆ ಎರಡು ಮಳೆಗಾಲದಲ್ಲಿ ಸೈಕಲ್ಲು ಮುರಿದು ಎರಡಾಗುತ್ತಿತ್ತು. ಉಳಿಸಬೇಕೆಂದರೆ ಎಲ್ಲ ಕೆರೆದು ಬಣ್ಣ ಬಳಿಯಬೇಕು, ಕೆರೆದರೆ ಅವನು ಅಷ್ಟು ವರ್ಷ ಬಿಟ್ಟು ಬಿಟ್ಟು ಒರೆಸಿದ್ದು ಹೋಗುತ್ತದೆ. ಹಂಪಣ್ಣನ ಸಭೆಯನ್ನು ಆಡಿಕೊಂಡು ನಕ್ಕವಳು ಈಗ ತಾನೇ ಸಭೆಯಾಗಿ ಕೂತಿದ್ದಳು. ಥೂ ನಿನ್ನ ಎಂದು ತನಗೇ ಅಂದುಕೊಂಡಳು.

ದಸರೆ ಕಳೆದ ಮೇಲೆ ಯಂಕೋಬ ಎಂಬವನು ಮನೆ ಹುಡುಕಿಕೊಂಡು ಬಂದ. ಯಲಬುರ್ಗಾಕ್ಕೆ ಹೊಸದಾಗಿ ಬಂದ ದೇವಿ ಹಾಕುವವನು. ಒಣಕಲು ಮನುಷ್ಯ, ಮಾತಿಗೊಮ್ಮೆ ನಿಟ್ಟುಸಿರು ಬಿಡುತ್ತಿದ್ದ. "ತಳಕಲ್ ಕಡೆ ಮತ್ತ ಸಿಡುಬು ಬಿದ್ದೈತ್ರಿ ಯವ್ವಾ. ಸರ್ಕಾರ ಚೀಲ ಕೊಟ್ಟೈತಿ, ಸೈಕಲ್ಲು ಕೊಟ್ಟಿಲ್ಲ. ಕಾಲಾಗ ಬೊಬ್ಬಿ ಎದ್ದಾವ. ನಿಮ್ಮನ್ಯಾಗ ಒಂದು ಐತಿ ಅಂದ್ರು."

ಇವನೊಂದು ಜೋಳದ ದಂಟು ಎಂದುಕೊಂಡಳು ಬಸವಣ್ಣೆಮ್ಮ. ಆದರೂ ಸೈಕಲ್ಲು ತೋರಿಸಿದಳು. ಯಂಕೋಬ ಕುಂಕುಮ ಕಂಡು ಕೈಮುಗಿದ. "ಇದನ್ನ ಹಂಗ ಬಿಡ್ರಿ. ಮಂದಿ ಇದನ್ನ ಕಂಡ್ರ ದೇವಿ ಬಂದ್ಲು ಅಂತ ತಾವ ಬಾಗಿಲಾ ತೆಗೀತಾರ. ನಂಗ ಬಾಯಿ ಬಡಕೊಳ್ಳೂದು ತಪ್ಪತೈತಿ."

"ದಾರ್ಯಾಗ ಮುರದು ನೀ ಬಿದ್ದಿ ಅಂದ್ರ ದೇವಿ ಎತ್ತತಾಳೇನು?" ಅಂದಳು ಅವಳು. ಆ ಮಾತು ಬಾಯಿಂದ ಬಿದ್ದೊಡನೆ ಅವಳ ಸಭೆಯೂ ಮುಗಿಯಿತು. ಕಬ್ಬಿಣ ಇರುವುದು ತುಳಿಯುವುದಕ್ಕೆ. ಅಮರಪ್ಪ ಅದನ್ನು ಕೊಂಡದ್ದೂ ಅದಕ್ಕೇ.

ಮರುದಿನ ಅಂಗಳದಲ್ಲಿ ಸೈಕಲ್ಲು ಮಲಗಿಸಿಕೊಂಡು ಮರಳು, ಇಟ್ಟಂಗಿ ಚೂರು, ಕಳೆ ತೆಗೆಯುವ ಹಳೆಯ ಕುರುಪಿ ಹಿಡಿದು ಕೂತಳು. ಶೇಖರಮ್ಮ ಹೇಳಿಸಿಕೊಳ್ಳದೆ ಬಂದು ಎದುರಿಗೆ ಕೂತಳು. ಇಬ್ಬರೂ ಸಂಜೆಯವರೆಗೆ ಕೆರೆದರು. ಕುಂಕುಮ ಪುಡಿಪುಡಿಯಾಗಿ ಸೀರೆಯ ಮೇಲೆ ಬಿತ್ತು, ಬೆವರಿಗೆ ಕಲೆಸಿ ಅಂಗೈಗೆ ಹತ್ತಿತು. ಓಣಿಯಲ್ಲಿ ಹಾಯುವ ಹೆಂಗಸರು ನಿಂತು ನೋಡಿದರು. ಗಂಡ ಸತ್ತವಳ ಎರಡೂ ಕೈ ಕೆಂಪಗಾಗಿದ್ದವು. ಒಬ್ಬಳು ಲೊಚಗುಟ್ಟಿದಳು. "ಕಣ್ತುಂಬ ನೋಡು, ಇದೇನು ದಿನಾ ಸಿಗೂದಿಲ್ಲ," ಎಂದಳು ಬಸವಣ್ಣೆಮ್ಮ ತಲೆಯೆತ್ತದೆ. ಅವಳ ಕಣ್ಣಿನಲ್ಲಿ ನೀರಿತ್ತು. ತುಕ್ಕಿನ ಪುಡಿ ಬಿದ್ದಿತ್ತೆಂದು ಆಮೇಲೆ ಹೇಳಿದಳು. ಶೇಖರಮ್ಮ ಹೌದು ಅಂದಳು.

ಓಬಳೆಪ್ಪ ಬಂದು ಮಿಕ್ಕ ಕೇಸರಿ ಡಬ್ಬಿ ಮಾರಲು ನೋಡಿ, ಬೈಸಿಕೊಂಡು, ಕಪ್ಪು ಬಣ್ಣ ತಂದು ಬಳಿದು ಹೋದ. ಬಂಗಾರದ ಗೆರೆ ಬೇಡವೆಂದಳು. ಯಂಕೋಬ ಎಲ್ಲಿಂದಲೋ ಎರಡು ಟೈರು ತಂದು ಹಾಕಿಕೊಂಡು, ಹೊಸ ಮದುವಣಿಗನಂತೆ ಹಿಗ್ಗುತ್ತ ಹೋದ.

ವಾರ ತುಂಬುವುದರೊಳಗೆ ಜೋಲು ಮುಖ ಹಾಕಿಕೊಂಡು ತಿರುಗಿ ಬಂದ. ತಳಕಲ್ಲಿನಲ್ಲಿ ಒಬ್ಬರೂ ಬಾಗಿಲು ತೆಗೆದಿರಲಿಲ್ಲ. "ನಾ ಹೇಳಿದ್ದೆನ್ರಿ, ಕುಂಕುಮ ಇರಬೇಕಿತ್ತು," ಎಂದು ಪಡಸಾಲೆಯಲ್ಲಿ ಕುಕ್ಕರಿಸಿದ.

ಬಸವಣ್ಣೆಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗೆ ಹೋಗಿ ಸೀರೆ ಬದಲಿಸಿ, ಬುತ್ತಿ ಕಟ್ಟಿಕೊಂಡು ಬಂದಳು. ಅಂದಪ್ಪ ಅಡ್ಡ ನಿಂತು, ಗಂಡಿಲ್ಲದ ಹೆಂಗಸು ಪರಗಂಡಸಿನ ಹಿಂದೆ ಊರೂರು ತಿರುಗಿದರೆ ಮನೆತನದ ಮಾನ ಹೋಗುತ್ತದೆ ಎಂದ. ಶೇಖರಮ್ಮ ಬಾಗಿಲು ಪೂರ್ತಿ ತೆರೆದು ಹಿಡಿದಳು. ಯಂಕೋಬ ಸೈಕಲ್ಲಿನಲ್ಲಿ, ಬಸವಣ್ಣೆಮ್ಮ ರೈಲಿನಲ್ಲಿ ತಳಕಲ್ಲಿಗೆ ಹೋದರು.

ಮೊದಲ ಮನೆಯ ಬಾಗಿಲು ಬಡಿದಾಗ ಒಳಗಿಂದ, "ಯಾರೂ ಇಲ್ರಿ," ಎಂದು ಹೆಣ್ಣು ದನಿ ಬಂತು. ಆ ಮನೆಯವಳ ಹೆಸರು ಕರಿಯವ್ವ ಎಂದು ಪಕ್ಕದವರು ಹೇಳಿದರು.

"ಯಾರೂ ಇಲ್ಲಂದ್ರ ನೀ ಯಾರವ್ವ ಕರಿಯವ್ವ, ದೆವ್ವ?" ಎಂದಳು ಬಸವಣ್ಣೆಮ್ಮ, ಇಡೀ ಓಣಿಗೆ ಕೇಳುವಂತೆ. "ಕೋಳಿಗೆ ರೋಗ ಬಂದ್ರ ಬುಟ್ಟಿ ಹೊತ್ತು ಮೂರು ಊರು ತಿರುಗ್ತೀರಿ, ಹಡದ ಕೂಸಿಗೆ ಬಂದ್ರ ಬಾಗಿಲಾ ಹಾಕ್ಕೊಂಡು ಕುಂದರ್ತೀರಿ. ಛಲೋ ಐತಿ. ನಾ ಇಲ್ಲೇ ಕುಂತೀನಿ. ಕತ್ತಲಾಗೂ ಮಟ ಬೈತೀನಿ. ನನ್ನ ಹಂತ್ಯಾಕ ಬುತ್ತಿ ಐತಿ."

ಓಣಿಯ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಸ್ವಲ್ಪ ಹೊತ್ತಿಗೆ ಅಗುಳಿ ಸರಿದ ಸದ್ದಾಯಿತು. ಕರಿಯವ್ವ ಕೂಸನ್ನು ಸೊಂಟಕ್ಕೆ ಅವುಚಿಕೊಂಡು ನಿಂತಿದ್ದಳು, ಹೆದರಿಕೆಯಿಂದ ತುಟಿ ಒಣಗಿದ್ದವು. ಬಸವಣ್ಣೆಮ್ಮ ಕೂಸಿನ ತೋಳು ಹಿಡಿದು ಯಂಕೋಬನ ಕಡೆ ತಿರುಗಿಸಿದಳು. ಮೊದಲು ಅವನ ಮುಖವನ್ನೊಮ್ಮೆ ನೋಡಿ, ಆಮೇಲೆ ಕರಿಯವ್ವನಿಗೆ ಹೇಳಿದಳು:

"ಇವಗ ಒಂದು ತಂಬಿಗಿ ನೀರು ತಗೊಂಡು ಬಾ. ಬಿಸಲಾಗ ಬಂದಾನ."